ಅರವತ್ತು ವರ್ಷದ ಚೈನ್‌ಸಾ ಇನ್ನೂ ಯಾಕೆ ಓಡುತ್ತದೆ?

ಜರ್ಮನಿಯ ಸ್ಟಿಲ್ ಕಂಪನಿ 1929ರಲ್ಲಿ ತಯಾರಿಸಿದ ಪೆಟ್ರೋಲ್ ಗರಗಸ 46 ಕಿಲೊ ತೂಗುತ್ತಿತ್ತು. ಹಿಡಿಯಲು ಇಬ್ಬರು ಬೇಕಿತ್ತು. ಅದೇ ಕಂಪನಿ 1959ರಲ್ಲಿ ಹೊರತಂದ ‘ಕಾಂಟ್ರಾ’ ಸುಮಾರು 12 ಕಿಲೊ ತೂಕದ್ದು. ಎಂಜಿನ್ನಿಗೂ ಚೈನಿಗೂ ನಡುವೆ ಗೇರ್ ಇಲ್ಲ, ಒಬ್ಬನೇ ನಿಭಾಯಿಸಬಹುದು. ಕಾಂಟ್ರಾ, ಅಮೆರಿಕದ ಹೋಮ್‌ಲೈಟ್, ಮೆಕಲಾಕ್‌ನಂಥ ಆ ಕಾಲದ ಯಂತ್ರಗಳನ್ನು ಕೊಟ್ಟಿಗೆಯ ಮೂಲೆಯಿಂದ ಎತ್ತಿ, ತುಕ್ಕು ಬಿಡಿಸಿ, ಮತ್ತೆ ಓಡಿಸುವವರು ಯುರೋಪು–ಅಮೆರಿಕದಲ್ಲಿ ಬಹಳ ಮಂದಿ ಇದ್ದಾರೆ. ಹವ್ಯಾಸ ಎಂದು ಇದನ್ನು ಬದಿಗಿಡುವುದು ಸುಲಭ. ಆದರೆ ಅವರ ಮೇಜಿನ ಮೇಲೆ ಬಿಚ್ಚಿ ಹರಡಿದ ಭಾಗಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ನಮಗೆ ಬೇಕಾದ ಒಂದು ಸಾಕ್ಷ್ಯ ಸಿಗುತ್ತದೆ. ಆ ಗರಗಸಗಳ ಆಯುಷ್ಯ ಲೋಹದ ಗಟ್ಟಿತನದಿಂದ ಬಂದದ್ದಕ್ಕಿಂತ ಹೆಚ್ಚಾಗಿ, ಸವೆಯುವುದನ್ನು ಬದಲಿಸಲು ದಾರಿ ಬಿಟ್ಟು ಕಟ್ಟಿದ್ದರಿಂದ ಬಂದದ್ದು. ನಮ್ಮ ರೈತರು ಇಂದು ಕೊಳ್ಳುವ ಸಣ್ಣ ಯಂತ್ರಗಳಲ್ಲೂ ಆ ದಾರಿ ತೆರೆದಿರಬೇಕೆಂದು ಕಾನೂನು ಹೇಳಬೇಕು.

ಹಲವು ವರ್ಷ ಮೂಲೆಯಲ್ಲಿ ಬಿದ್ದ ಗರಗಸದಲ್ಲಿ ಕೆಟ್ಟಿರುವುದು ಏನು? ಸಾಮಾನ್ಯವಾಗಿ ಪಿಸ್ಟನ್ನಾಗಲಿ ಸಿಲಿಂಡರಾಗಲಿ ಅಲ್ಲ. ಪೆಟ್ರೋಲ್ ಪೈಪು ಬಿರಿದಿರುತ್ತದೆ, ಕಾರ್ಬ್ಯುರೇಟರಿನೊಳಗಿನ ಡಯಾಫ್ರಂ ಹಪ್ಪಳದಂತೆ ಸೆಟೆದಿರುತ್ತದೆ, ಇಗ್ನಿಷನ್ ಪಾಯಿಂಟ್‌ಗಳ ಮೇಲೆ ಕಿಲುಬು ಕೂತಿರುತ್ತದೆ, ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್‌ಗಳು ಗಡುಸಾಗಿರುತ್ತವೆ. ಕೊನೆಯದೇ ಅಪಾಯಕಾರಿ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲ್ ಕ್ರ್ಯಾಂಕ್‌ಕೇಸಿನ ಮೂಲಕವೇ ಸಿಲಿಂಡರಿಗೆ ಹೋಗಬೇಕು, ಬೇರಿಂಗಿಗೆ ಎಣ್ಣೆ ತಲುಪುವುದೂ ಆ ಮಿಶ್ರಣದಿಂದಲೇ. ಸೀಲ್ ಸೋರಿ ಹೊರಗಿನ ಗಾಳಿ ಒಳನುಗ್ಗಿದರೆ ಪೆಟ್ರೋಲೂ ಎಣ್ಣೆಯೂ ಸಾಲದಾಗಿ, ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಗೀರಿ ಹಿಡಿದುಕೊಳ್ಳಬಹುದು. ಹಗ್ಗ ಎಳೆದಾಗ ಎಂಜಿನ್ ಹೊತ್ತಿಕೊಂಡಿತೆಂದು ಹಿಗ್ಗದೆ ಮೊದಲು ಕ್ರ್ಯಾಂಕ್‌ಕೇಸಿನ ಒತ್ತಡ ಪರೀಕ್ಷಿಸುವವನೇ ಬಲ್ಲ ಕೆಲಸಗಾರ. ಇಲ್ಲಿ ಗಮನಿಸಬೇಕಾದ ಸಂಗತಿ, ಈ ಪಟ್ಟಿಯಲ್ಲಿ ಇರುವುದೆಲ್ಲ ಬದಲಿಸಬಹುದಾದ, ಬೆಲೆ ಕಡಿಮೆಯ ಭಾಗಗಳು. ಬೇರಿಂಗಿನ ಮೇಲೆ ಅಚ್ಚಾದ ಸಂಖ್ಯೆ ಹಿಡಿದು ಪೇಟೆಯ ಬೇರಿಂಗ್ ಅಂಗಡಿಯಲ್ಲಿ ಕೇಳಬಹುದು. ಆ ಕಾಲದ ಹಲವು ಕಂಪನಿಗಳು ಬಳಸಿದ ಟಿಲ್ಲಟ್ಸನ್ ಎಚ್‌ಎಲ್ ಮಾದರಿಯ ಕಾರ್ಬ್ಯುರೇಟರಿಗೆ ಡಯಾಫ್ರಂ, ಗ್ಯಾಸ್ಕೆಟ್‌ಗಳ ಕಿಟ್ ಈಗಲೂ ದೊರೆಯುತ್ತದೆ.

ಚೈನಿನ ಕಥೆ ಇನ್ನೂ ಸ್ಪಷ್ಟವಾದ ಪುರಾವೆ. ಮೊದಮೊದಲ ಚೈನುಗಳಿಗೆ ಕೈಗರಗಸದಂತೆ ಚೂಪು ಹಲ್ಲುಗಳಿದ್ದವು. ಬೇಗ ಮೊಂಡಾಗುತ್ತಿದ್ದವು, ಅರ ಹಾಕಲು ಬಹಳ ಹೊತ್ತು ಹಿಡಿಯುತ್ತಿತ್ತು. ಅಮೆರಿಕದ ಒರೆಗಾನಿನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್, ಮರ ಕೊರೆಯುವ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ಬಾಯಾಡಿಸಿ ಮರದೊಳಗೆ ಸಾಗುವುದನ್ನು ಗಮನಿಸಿ, ಎಡ–ಬಲ ಸರದಿಯಲ್ಲಿ ಬಾಗಿದ ಹಲ್ಲುಗಳ ಚೈನನ್ನು ರೂಪಿಸಿದರು. 1947ರಲ್ಲಿ ಅದನ್ನು ತಯಾರಿಸುವ ಕಂಪನಿ ಕಟ್ಟಿದರು. ಇಂದು ಅಂಗಡಿಯಲ್ಲಿ ಸಿಗುವ ಚೈನಿನಲ್ಲಿರುವುದೂ ಮೂಲತಃ ಅದೇ ಉಪಾಯ. ಚೈನಿನ ಕೊಂಡಿಗಳ ನಡುವಿನ ಅಂತರ, ಅಂದರೆ ಪಿಚ್‌ನ ಅಳತೆಗಳೂ ಕೆಲವಕ್ಕೆ ನಿಂತಿವೆ. 0.404 ಇಂಚು, 3/8 ಇಂಚು ಎಂದು ಕೇಳಿದರೆ ಹೊಸ ಚೈನ್ ಸಿಗುತ್ತದೆ, ಅರವತ್ತರ ದಶಕದ ಎಷ್ಟೋ ಗರಗಸಗಳಿಗೆ ಅದು ಹೊಂದುತ್ತದೆ. ಕಂಪನಿಗಳು ಮಾರುಕಟ್ಟೆಯಲ್ಲಿ ಜಿದ್ದಿಗೆ ಬಿದ್ದಿದ್ದರೂ ಸಮಾನ ಅಳತೆಗಳನ್ನು ಒಪ್ಪಿಕೊಂಡವು. ಇದರಿಂದ ಯಾವ ಕಂಪನಿಯೂ ಮುಳುಗಲಿಲ್ಲ.

ದುರಸ್ತಿಯ ದಾರಿ ತೆರೆದಿರಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪ ಸುರಕ್ಷತೆಯದು. ಅದು ಹಗುರವಾದ ಆಕ್ಷೇಪವಲ್ಲ. ಚೈನ್ ಸುತ್ತುವ ಬಾರ್‌ನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಗರಗಸ ಕ್ಷಣಾರ್ಧದಲ್ಲಿ ಮುಖದತ್ತ ಚಿಮ್ಮಿ ಬರುತ್ತದೆ. ಅದನ್ನು ನಿಲ್ಲಿಸುವ ಚೈನ್ ಬ್ರೇಕ್ ಬಂದದ್ದೇ 1970ರ ದಶಕದ ಆರಂಭದಲ್ಲಿ. ಕಂಪನ ತಗ್ಗಿಸುವ ಹಿಡಿಕೆ ಬಂದದ್ದು ಅರವತ್ತರ ದಶಕದ ನಡುವೆ; ಅದಕ್ಕೂ ಮೊದಲಿನ ಯಂತ್ರಗಳನ್ನು ದಿನವಿಡೀ ಹಿಡಿದ ಕಾಡಿನ ಕೂಲಿಗಳ ಬೆರಳುಗಳು ರಕ್ತ ಹರಿಯದೆ ಬಿಳಿಚಿದವು, ಸ್ಪರ್ಶ ಕಳೆದುಕೊಂಡವು. ಬ್ರಿಟನ್ 1985ರಲ್ಲಿ ಇದನ್ನು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ಹಳೆಯ ಗರಗಸವನ್ನು ದಿನದ ದುಡಿಮೆಗೆ ಹಚ್ಚುವುದು ತಪ್ಪು, ಕೂಲಿಯವನ ಕೈಗೆ ಕೊಡುವುದಂತೂ ಅಪರಾಧ ಎಂದೇ ನನ್ನ ನಿಲುವು. ನೆಲದ ಮೇಲೆ ಭದ್ರವಾಗಿ ಕೂರಿಸಿದ ದಿಮ್ಮಿಯ ಮೇಲೆ, ರಕ್ಷಣಾ ಉಡುಪು ತೊಟ್ಟು, ನಾಲ್ಕು ತುಂಡು ಕೊಯ್ದು ನಿಲ್ಲಿಸುವುದಷ್ಟೇ ಅದಕ್ಕೆ ಸಲ್ಲುವ ಓಟ. ಆದರೆ ಈ ಆಕ್ಷೇಪ ದುರಸ್ತಿಯ ವಿರುದ್ಧದ ವಾದವಾಗುವುದಿಲ್ಲ. ಚೈನ್ ಬ್ರೇಕ್ ಅನ್ನು ಬಿಚ್ಚಿ ಸರಿಪಡಿಸಬಹುದು, ಕಂಪನ ತಡೆಯುವ ರಬ್ಬರನ್ನು ಬದಲಿಸಬಹುದು. ಸುರಕ್ಷತೆ ಹೆಚ್ಚಲು ಯಂತ್ರವನ್ನು ಮೊಹರು ಮಾಡಬೇಕಾಗಿಲ್ಲ. ಸವೆದ ಬ್ರೇಕ್ ಪಟ್ಟಿಗೆ ಬದಲಿ ಸಿಗದೆ ಹೋದಾಗಲೇ ಜನ ಬ್ರೇಕ್ ಕಿತ್ತು ಬದಿಗಿಟ್ಟು ಕೆಲಸ ಮುಂದುವರಿಸುತ್ತಾರೆ.

ಹೊಗೆಯ ಆಕ್ಷೇಪವೂ ನಿಜವೇ. ಹಳೆಯ ಟೂ-ಸ್ಟ್ರೋಕ್ ಎಂಜಿನ್ ತಾನು ಕುಡಿದ ಪೆಟ್ರೋಲಿನಲ್ಲಿ ಒಂದಷ್ಟನ್ನು ಸುಡದೆಯೇ ಹೊರಕ್ಕೆ ಉಗುಳುತ್ತದೆ. ಕ್ಯಾಲಿಫೋರ್ನಿಯಾ 2024ರ ಮಾದರಿಗಳಿಂದ ಬಹುತೇಕ ಸಣ್ಣ ಪೆಟ್ರೋಲ್ ಎಂಜಿನ್ನುಗಳ ಹೊಸ ಮಾರಾಟಕ್ಕೆ ಬಾಗಿಲು ಮುಚ್ಚಿದ್ದು ಇದಕ್ಕೇ. ಅದು ಸರಿಯಾದ ನಡೆ. ಆದರೆ ಮುಂದೆ ಬರುವ ಬ್ಯಾಟರಿ ಗರಗಸದಲ್ಲಿ ದುರಸ್ತಿಯ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲ. ಚೈನಿನ ಪಿಚ್‌ನಲ್ಲಿ ಸಾಧ್ಯವಾದ ಒಮ್ಮತ ಅಲ್ಲಿ ಇನ್ನೂ ಆಗಿಲ್ಲ. ಎಲೆಕ್ಟ್ರಾನಿಕ್ ಭಾಗಗಳನ್ನು ಮುಚ್ಚಿಯೇ ಇಡಬೇಕಲ್ಲ ಎಂದು ಕೇಳುವವರಿದ್ದಾರೆ. ಇಡಲಿ. 1968ರಲ್ಲಿ ಸ್ಟಿಲ್‌ನ 041 ಎಲೆಕ್ಟ್ರಾನಿಕ್ ಇಗ್ನಿಷನ್ ಪಡೆದಾಗ ಪಾಯಿಂಟ್ ಉಜ್ಜುವ ಕಾಟ ತಪ್ಪಿತು, ಅದು ಲಾಭವೇ. ಮುಚ್ಚಿದ ಭಾಗ ಹಾಳಾದಾಗ ಅದೊಂದನ್ನೇ ಕೊಳ್ಳಲು ಸಿಗಬೇಕು ಎಂಬುದಷ್ಟೇ ಬೇಡಿಕೆ.

ದುರಸ್ತಿಯ ಕೌಶಲ ನಮಗೆ ಹೊರಗಿನದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ರಸ್ತೆಯಲ್ಲಿವೆ. ಅವನ್ನು ಉಳಿಸಿದ ಮೆಕ್ಯಾನಿಕ್‌ಗಳಿಗೆ ಪಾಯಿಂಟ್, ಕಂಡೆನ್ಸರ್, ಕ್ರ್ಯಾಂಕ್ ಸೀಲ್ ಎಲ್ಲವೂ ಬೆರಳ ತುದಿಯ ವಿದ್ಯೆ. ಮಲೆನಾಡಿನ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರ, ಚೈನ್‌ಸಾ ಈಗ ದಿನಬಳಕೆಯವು. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆತಿರುವಾಗ, ನೀರು ಹೀರಿಕೊಳ್ಳುವ ಆ ಇಂಧನವನ್ನು ಮಳೆಗಾಲವಿಡೀ ಟ್ಯಾಂಕಿನಲ್ಲಿ ಬಿಟ್ಟರೆ ಹಳೆಯ ರಬ್ಬರ್ ಪೈಪು, ಡಯಾಫ್ರಂ ಬೇಗ ಕೆಡುತ್ತವೆ. ಭಾಗ ಸಿಗದಿದ್ದರೆ ಕೆಲವು ನೂರು ರೂಪಾಯಿಯ ರಬ್ಬರಿಗಾಗಿ ಇಡೀ ಯಂತ್ರ ಗುಜರಿಗೆ ಹೋಗುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಕೃಷಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ತಂದಿತು, ಪೋರ್ಟಲ್ ತೆರೆಯಿತು. ಪೋರ್ಟಲ್‌ನಲ್ಲಿ ಮಾಹಿತಿ ಹಾಕಿ ಎಂದು ಕಂಪನಿಗಳನ್ನು ಕೇಳಿಕೊಂಡರೆ ಸಾಲದು. ಸರ್ಕಾರದ ಸಹಾಯಧನದಲ್ಲಿ ಮಾರುವ ಪ್ರತಿ ಎಂಜಿನ್ ಯಂತ್ರಕ್ಕೂ ಭಾಗಗಳ ಸಂಖ್ಯಾಪಟ್ಟಿ ಮತ್ತು ಬಿಚ್ಚಿ ಜೋಡಿಸುವ ವಿವರ ಕನ್ನಡದಲ್ಲಿ ಇರಬೇಕು. ಸೀಲ್, ಡಯಾಫ್ರಂ, ಬ್ರೇಕ್ ಪಟ್ಟಿ ಯಂತ್ರದ ಮಾರಾಟ ನಿಂತ ಮೇಲೂ ಕನಿಷ್ಠ ಹದಿನೈದು ವರ್ಷ, ಕಂಪನಿಯ ಮೆಕ್ಯಾನಿಕ್‌ಗೆ ಸಿಗುವ ಬೆಲೆಗೇ ಹೊರಗಿನ ಮೆಕ್ಯಾನಿಕ್‌ಗೂ ಸಿಗಬೇಕು. ಈ ಷರತ್ತು ಒಪ್ಪದ ಕಂಪನಿಗೆ ಸಹಾಯಧನದ ಪಟ್ಟಿಯಲ್ಲಿ ಜಾಗ ಕೊಡಬಾರದು.