ಎಲೆಯ ಹಳದಿ ಕಾಗದದಲ್ಲಿ ಕಂದಾದಾಗ

ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂತೆಂದರೆ ನಮ್ಮ ವಕ್ಕಲೇರಿಯ ಮಕ್ಕಳ ಕೈಯಲ್ಲಿ ಈಗ ಬಣ್ಣದ ಪೆನ್ಸಿಲ್ಲಿನ ಬದಲು ಪೆನ್‌ಡ್ರೈವ್ ಇರುತ್ತದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತಮ್ಮ ತೋಟದ ಟೊಮೆಟೊ ಎಲೆಗಳ ಫೋಟೊ ತೆಗೆದು ಚಾರ್ಟ್ ಸಿದ್ಧಪಡಿಸಿದ್ದಳು. ಗಿಡದ ಕೆಳಭಾಗದ ಎಲೆಗಳು ಅವು. ನರಗಳು ಹಸಿರು, ನರಗಳ ನಡುವೆ ಹಳದಿ. ಮೆಗ್ನೀಸಿಯಂ ಕೊರತೆಯ ಗುರುತು ಇದು. ಆದರೆ ಒಂದು ಆಫೀಸಿನ ಕಲರ್ ಲೇಸರ್ ಪ್ರಿಂಟರಿನಲ್ಲಿ ತೆಗೆಸಿ ತಂದಾಗ ಹಳದಿಯೆಲ್ಲ ಕಂದಾಗಿತ್ತು. ಅವಳ ತಂದೆ ನೋಡಿ, "ಮೇಷ್ಟ್ರೇ, ಇದು ನಮ್ಮ ತೋಟದ ಎಲೆ ಅಲ್ಲ. ಅಂಗಮಾರಿ ಬಿದ್ದಂಗೈತೆ" ಎಂದರು.

ಅವರು ಹೇಳಿದ್ದು ಸಣ್ಣ ಮಾತಲ್ಲ. ಆ ಚಾರ್ಟ್ ನಂಬಿದ ರೈತ ಗೊಬ್ಬರದ ಕೊರತೆಗೆ ಶಿಲೀಂಧ್ರದ ಔಷಧಿ ಹೊಡೆದು ದುಡ್ಡು ಕಳೆದುಕೊಳ್ಳುತ್ತಾನೆ.

ಬಣ್ಣ ಏಕೆ ಕೆಟ್ಟಿತು? ಪ್ರಿಂಟರ್ ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯೋಣ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ಅದೇ ಸ್ಥಾಯೀ ವಿದ್ಯುತ್ತನ್ನು ಬಳಸಿ ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ಮೊದಲ ಒಣ ನಕಲು ತೆಗೆದ. ಲೇಸರ್ ಪ್ರಿಂಟರಿನ ತತ್ವವೂ ಅದೇ. ಲೇಸರ್ ಕಿರಣ ಉರುಳೆಯ ಮೇಲೆ ವಿದ್ಯುತ್ತಿನ ಚಿತ್ರ ಬರೆಯುತ್ತದೆ. ಟೋನರ್ ಎಂಬ ಪ್ಲಾಸ್ಟಿಕ್ ಬಣ್ಣದ ಪುಡಿ ಅಲ್ಲಿಗೆ ಅಂಟಿ, ಕಾಗದಕ್ಕೆ ಬಂದು, ಬಿಸಿ ರೋಲರಿನಡಿ ಕರಗಿ ಕೂರುತ್ತದೆ.

ಪುಡಿ ನಾಲ್ಕೇ ಬಗೆ: ಸಯಾನ್ ಎಂಬ ತಿಳಿನೀಲಿ, ಮೆಜೆಂಟ, ಹಳದಿ, ಕಪ್ಪು. ಪುಟದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ. ಈ ನಾಲ್ಕು ಬಣ್ಣದ ಚುಕ್ಕೆಗಳೇ ಕಾಣುತ್ತವೆ. ಹಳದಿಗೆ ಮೆಜೆಂಟ ಹೆಚ್ಚು ಸೇರಿದರೆ ಅದು ಕೆಂಪಿನತ್ತ ತಿರುಗುತ್ತದೆ. ಹಸಿರಿಗೆ ಸೇರಿದರೆ ಹಸಿರು ಮಂಕಾಗುತ್ತದೆ. ನಮ್ಮ ಹುಡುಗಿಯ ಎಲೆಗೆ ಆದದ್ದು ಇದೇ. ವಿಚಾರಿಸಿದಾಗ ತಿಳಿಯಿತು: ಆ ಪ್ರಿಂಟರಿಗೆ ಹೊಸ ಟೋನರ್ ಹಾಕಿದ ಮೇಲೆ ಬಣ್ಣದ ಹದ ಸರಿಪಡಿಸಿರಲಿಲ್ಲ.

ಹದ ಸರಿಪಡಿಸುವುದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಪ್ರಿಂಟರಿನ ಮೆನುವಿನಲ್ಲೇ ಅದು ಇರುತ್ತದೆ. ಕೆಲವು ನಿಮಿಷದ ಕೆಲಸ. ಬಳಿಕ ಬೂದು ಬಣ್ಣದ ಚೌಕವೊಂದನ್ನು ಮುದ್ರಿಸಿ ನೋಡಿ. ಬೂದು ಗುಲಾಬಿಯಂತೆ ಕಂಡರೆ ಮೆಜೆಂಟ ಇನ್ನೂ ಹೆಚ್ಚಿದೆ ಎಂದರ್ಥ. ಟೋನರ್ ಉಳಿಸುವ ಆಯ್ಕೆ ಆನ್ ಆಗಿದ್ದರೆ ಚಿತ್ರಕ್ಕಾಗಿ ಅದನ್ನು ತೆಗೆಯಿರಿ.

ಎರಡನೆಯದು ಕಾಗದ. ಮಳೆಗಾಲದಲ್ಲಿ ತೆರೆದಿಟ್ಟ ಕಾಗದ ತೇವ ಹೀರಿ, ಪುಡಿ ಒಂದೇ ಸಮನೆ ಕೂರುವುದಿಲ್ಲ. ನುಣುಪಾದ, ಬಿಳಿಯಾದ, 90 ಅಥವಾ 100 ಜಿಎಸ್‌ಎಂ ಕಾಗದ ತನ್ನಿ. ದಪ್ಪ ಕಾಗದ ಎಂದು ಪ್ರಿಂಟರಿಗೂ ಹೇಳಬೇಕು. ಹೇಳದಿದ್ದರೆ ಶಾಖ ಸಾಲದೆ ಬಣ್ಣ ಬೆರಳಿಗೆ ಉದುರಬಹುದು. ಇಂಕ್‌ಜೆಟ್‌ನ ಹೊಳಪು ಫೋಟೊ ಕಾಗದವನ್ನು ಮಾತ್ರ ಹಾಕಲೇಬೇಡಿ. ಅದರ ಲೇಪ ಬಿಸಿಗೆ ಕರಗಿ ರೋಲರಿಗೆ ಅಂಟಿಕೊಂಡೀತು.

ಮೂರನೆಯದು ಫೋಟೊ. ಹಗಲಿನ ಬೆಳಕಿನಲ್ಲಿ ತೆಗೆಯಿರಿ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ವಿವರ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಒಂದು ಅಂಗುಲಕ್ಕೆ 300 ಪಿಕ್ಸೆಲ್ ಇದ್ದರೆ ಸಾಕು. ಪರದೆ ಬೆಳಕು ಸೂಸುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಮರಳಿಸುತ್ತದೆ. ಹಾಗಾಗಿ ಪರದೆಯ ಹೊಳಪೆಲ್ಲ ಕಾಗದಕ್ಕೆ ಬಾರದು. ಮೊದಲು ಚಿಕ್ಕ ಮಾದರಿ ತೆಗೆದು, ಹಗಲಿನಲ್ಲಿ ನಿಜವಾದ ಎಲೆಯ ಪಕ್ಕ ಹಿಡಿದು ನೋಡಿ.

ತಂದೆತಾಯಂದಿರಿಗೆ ಒಂದು ಮಾತು. ಇಡೀ ಚಾರ್ಟಿಗೆ ಬಣ್ಣ ಬೇಕಿಲ್ಲ. ನಮ್ಮೂರಿನಲ್ಲಿ ದೊರೆತ ಚಾಲುಕ್ಯ ಎರಡನೆಯ ಕೀರ್ತಿವರ್ಮನ ತಾಮ್ರಶಾಸನ ಕ್ರಿ.ಶ. 757ರದು. ಬಣ್ಣವಿಲ್ಲದೆಯೇ ವಿದ್ವಾಂಸರು ಅದನ್ನು ಓದಿದರು. ಬರಹವನ್ನು ಕಪ್ಪಿನಲ್ಲಿ ತೆಗೆಸಿ, ಎಲೆಯ ಚಿತ್ರಕ್ಕೆ ಮಾತ್ರ ಬಣ್ಣದ ಹಣ ಕೊಡಿ.

ಹದ ಸರಿಪಡಿಸಿ ಎರಡನೆಯ ಸಲ ತೆಗೆಸಿದ ಹಾಳೆಯನ್ನು ಆ ತಂದೆ ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಇದು ನಮ್ದೇ" ಎಂದರು.