ದುಬೈ ಎಷ್ಟು ದೂರ?



ನಮ್ಮ ಶಾಲೆಯ ಮೇಲಿಂದ ದಿನಾ ವಿಮಾನಗಳು ಮಂಗಳೂರಿನ ಬಜಪೆ ನಿಲ್ದಾಣಕ್ಕೆ ಇಳಿಯುತ್ತವೆ. ಆಟದ ಬಯಲಿನಲ್ಲಿ ನಿಂತು "ಅದು ದುಬೈ ವಿಮಾನ" ಎಂದು ಬೊಬ್ಬೆ ಹಾಕುವವರು ನಮ್ಮಲ್ಲಿ ಎಷ್ಟೋ ಮಂದಿ. ದುಬೈ ಎಷ್ಟು ದೂರ ಎಂದು ಕೇಳಿದರೆ "ಎಂತ ದೂರ ಮಾರಾಯ, ನಾಲ್ಕು ಗಂಟೆ" ಅನ್ನುತ್ತಾರೆ. ಈ ಮಾತು ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ.

ಮೊದಲು ಸರಿಯಾದ ಅರ್ಧ ಹೇಳುತ್ತೇನೆ. ಮಂಗಳೂರಿನಿಂದ ದುಬೈಗೆ ನೇರ ದೂರ ಸುಮಾರು 2,460 ಕಿ.ಮೀ. ವಿಮಾನದ ವೇಗ ಗಂಟೆಗೆ ಸುಮಾರು 800 ಕಿ.ಮೀ. ಭಾಗಿಸಿದರೆ ಮೂರು ಗಂಟೆ ಚಿಲ್ಲರೆ. ಏರುವಾಗ, ಇಳಿಯುವಾಗ ವೇಗ ಕಡಿಮೆ, ದಾರಿಯೂ ಪೂರ್ತಿ ನೇರ ಅಲ್ಲ. ಆದ್ದರಿಂದ ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಇನ್ನೊಂದು ತಮಾಷೆ ಉಂಟು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 8ಕ್ಕೆ ಹೊರಟು ನಾಲ್ಕು ಗಂಟೆ ಹಾರಿದರೂ ಅಲ್ಲಿ ಇಳಿಯುವಾಗ 10.30 ಅಷ್ಟೆ!

2006ರಲ್ಲಿ ಇಲ್ಲಿಂದ ದುಬೈಗೆ ನೇರ ವಿಮಾನ ಶುರುವಾಯಿತು. ಅದಕ್ಕೆ ಮೊದಲು ನಮ್ಮವರು ಮುಂಬಯಿಗೋ ಬೇರೆ ಊರಿಗೋ ಹೋಗಿ ವಿಮಾನ ಹತ್ತಬೇಕಿತ್ತು. ಈಗ ರಾತ್ರಿ ಬಸ್ಸಿನಲ್ಲಿ 350 ಕಿ.ಮೀ. ದೂರದ ಬೆಂಗಳೂರಿಗೆ ಹೋಗಲು ಏಳೆಂಟು ಗಂಟೆ. ಲೆಕ್ಕದಲ್ಲಿ ದುಬೈಯೇ ಹತ್ತಿರ.

ಇನ್ನು ಉಳಿದ ಅರ್ಧ. ನನ್ನ ದೊಡ್ಡ ಮಾವ ಬೆಂಗಳೂರಿನಲ್ಲಿ, ಸಣ್ಣ ಮಾವ ದುಬೈಯಲ್ಲಿ ಇದ್ದಾರೆ. ದೊಡ್ಡ ಮಾವ ಅಷ್ಟಮಿಗೆ, ಚೌತಿಗೆ, ದೀಪಾವಳಿಗೆ ಬರುತ್ತಾರೆ. ಸಣ್ಣ ಮಾವ ಬರುವುದು ಎರಡು ವರ್ಷಕ್ಕೊಮ್ಮೆ. ಕಳೆದ ಆಟಿಯಲ್ಲಿ ಒಂದು ಸಂಜೆ ಅಜ್ಜ ತೀರಿಕೊಂಡರು. ದೊಡ್ಡ ಮಾವ ಬೆಳಗಾಗುವಾಗ ಮನೆಯಲ್ಲಿದ್ದರು. ಸಣ್ಣ ಮಾವನಿಗೆ ರಜೆ ಸಿಕ್ಕಿ, ಟಿಕೇಟು ಸಿಕ್ಕಿ ಬಂದು ಮುಟ್ಟುವಾಗ ಐದನೆಯ ದಿನ. ಬಂದವರು ಅಜ್ಜನ ಕುರ್ಚಿಯ ಹತ್ತಿರ ನೆಲದಲ್ಲಿ ಕೂತರು. ಅಜ್ಜಿ ಚಾ ತಂದಿಟ್ಟರೂ ಕುಡಿಯಲಿಲ್ಲ.

ಫೋನಿನಲ್ಲಿ ಮುಖ ನೋಡಿ ಮಾತಾಡಬಹುದಲ್ಲ ಎಂದು ಕೆಲವರು ಹೇಳಬಹುದು. ಹೌದು, ಮಾತಾಡಬಹುದು. ಆದರೆ ಫೋನಿನಲ್ಲಿ ಹೆಗಲು ಕೊಡಲಿಕ್ಕೆ ಆಗುವುದಿಲ್ಲ.

ಆದ್ದರಿಂದ ದೂರವನ್ನು ಕಿಲೋಮೀಟರಿನಲ್ಲಿ, ಗಂಟೆಯಲ್ಲಿ ಮಾತ್ರ ಅಳೆದರೆ ಸಾಲದು. ರಜೆ ಎಷ್ಟು ಸಿಗುತ್ತದೆ, ಟಿಕೇಟಿಗೆ ದುಡ್ಡು ಉಂಟಾ ಎಂದೂ ನೋಡಬೇಕು. ಹಬ್ಬದ ಸಮಯದಲ್ಲಿ, ಶಾಲೆಗೆ ರಜೆ ಇರುವಾಗ ಟಿಕೇಟಿನ ದರ ಏರುತ್ತದೆ. ಎಲ್ಲರೂ ಮನೆಯಲ್ಲಿರುವ ದಿನಗಳಲ್ಲೇ ದುಬೈ ಹೆಚ್ಚು ದೂರ.

ಗೆಳೆಯರೇ, ನಮ್ಮ ತರಗತಿಯಲ್ಲೇ ಅಪ್ಪ, ಅಣ್ಣ ಗಲ್ಫಿನಲ್ಲಿರುವವರು ಇದ್ದಾರೆ. ಅವರು ಊರಿಗೆ ಬಂದಾಗ "ಎಂತ ತಂದ್ರಿ?" "ವಾಪಸ್ ಯಾವಾಗ?" ಎಂದು ಕೇಳುವುದನ್ನು ನಾವು ಬಿಡಬೇಕು. ನಾನೂ ಕೇಳಿದ್ದೆ. ಮಾವ ನಕ್ಕರು, ಉತ್ತರ ಕೊಡಲಿಲ್ಲ. ಇನ್ನು ಮುಂದೆ "ಊಟ ಆಯ್ತಾ ಮಾವ?" ಎಂದು ಮಾತ್ರ ಕೇಳುತ್ತೇನೆ.

— 9ನೇ ತರಗತಿ