ಯಂತ್ರ ಗಟ್ಟಿ, ತಂತ್ರಾಂಶ ದುಬಾರಿ

ನಮ್ಮ ಪ್ರಯೋಗಾಲಯಗಳಲ್ಲಿ ಉಪಕರಣಗಳು ಸವೆಯುವ ಮೊದಲೇ ಅವುಗಳಿಗೆ ಜೋಡಿಸಿದ ಕಂಪ್ಯೂಟರುಗಳು ಹಳತಾಗುತ್ತಿವೆ. ಕಂಪ್ಯೂಟರು ಕೆಟ್ಟರೆ ಉಪಕರಣವೂ ಗುಜರಿಗೆ ಎನ್ನುವುದು ಒಂದು ಅಲಿಖಿತ ನಿಯಮವೇ ಆಗಿದೆ. ರಸಾಯನಶಾಸ್ತ್ರದ ಅಧ್ಯಾಪಕನಾಗಿ ಇದನ್ನು ಹತ್ತಿರದಿಂದ ಕಂಡಿರುವ ನನಗೆ, ಈ ನಷ್ಟ ಅನಿವಾರ್ಯವೇನೂ ಅಲ್ಲ ಎನಿಸುತ್ತದೆ.

ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಇದಕ್ಕೆ ಒಳ್ಳೆಯ ನಿದರ್ಶನ. ಬ್ರಿಟನ್ನಿನ ವಿಜ್ಞಾನಿಗಳಾದ ಜೇಮ್ಸ್ ಮತ್ತು ಮಾರ್ಟಿನ್ 1952ರಲ್ಲಿ ಪ್ರಕಟಿಸಿದ ವಿಧಾನವೇ ಇದರ ತಳಹದಿ. ಮದ್ಯದಲ್ಲಿ ಮೆಥನಾಲ್ ಬೆರೆತಿದೆಯೇ, ಶ್ರೀಗಂಧದ ಎಣ್ಣೆ ಅಸಲಿಯೇ ಎಂಬುದನ್ನು ತಿಳಿಸುವುದು ಇದೇ. ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ ಸಾಂಟಲಾಲ್ ಶೇ 41ರಿಂದ 55ರಷ್ಟು ಇರಬೇಕೆಂದು 2002ರ ಐಎಸ್‌ಒ ಮಾನದಂಡ ಹೇಳುತ್ತದೆ. ಆ ಶೇಕಡಾವಾರನ್ನು ಅಳೆಯಲು ಈ ಉಪಕರಣವೇ ಬೇಕು.

ಅದರ ಕೆಲಸದ ಕ್ರಮ ನಿಗೂಢವೇನಲ್ಲ. ಆವಿಯಾದ ಮಾದರಿಯನ್ನು ನೈಟ್ರೋಜನ್ ಅಥವಾ ಹೀಲಿಯಂ ಅನಿಲ ಸಪೂರ ನಳಿಕೆಯೊಂದರಲ್ಲಿ ಒಯ್ಯುತ್ತದೆ. ಘಟಕಗಳು ಬೇರೆಬೇರೆ ವೇಳೆಗೆ ಹೊರಬಂದು ಹೈಡ್ರೋಜನ್ ಜ್ವಾಲೆಯಲ್ಲಿ ಉರಿಯುತ್ತವೆ. ಆಗ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ವರ್ಧಿಸಿದರೆ ಅಳೆಯಬಲ್ಲ ವೋಲ್ಟೇಜು ಸಿಗುತ್ತದೆ. ಅದನ್ನು ಕಾಲಕ್ಕನುಗುಣವಾಗಿ ಬರೆದಾಗ ಮೂಡುವ ಒಂದೊಂದು ಶಿಖರದ ವಿಸ್ತೀರ್ಣವೂ ಆಯಾ ಘಟಕದ ಪ್ರಮಾಣವನ್ನು ತಿಳಿಸುತ್ತದೆ. ಕಂಪ್ಯೂಟರು ಬರುವ ಮುನ್ನ ಕಾಗದದ ಮೇಲಿನ ಶಿಖರಗಳನ್ನು ಕತ್ತರಿಯಿಂದ ಕತ್ತರಿಸಿ, ತಕ್ಕಡಿಯಲ್ಲಿ ತೂಗಿ ಲೆಕ್ಕ ಹಾಕುತ್ತಿದ್ದುದೂ ಉಂಟು. ತಂತ್ರಾಂಶ ಇಂದು ಮಾಡುತ್ತಿರುವುದು ಮೂಲತಃ ಅದೇ ಕೆಲಸವನ್ನು.

ಹೀಗಿದ್ದೂ ಆ ತಂತ್ರಾಂಶವೇ ಕುತ್ತಿಗೆಗೆ ಉರುಳಾಗುತ್ತದೆ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ 2014ರಲ್ಲಿ ನಿಂತಿತು, ವಿಂಡೋಸ್ 7ಕ್ಕೆ 2020ರಲ್ಲಿ. ಅವನ್ನೇ ನೆಚ್ಚಿದ ಹಳೆಯ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ನಾನು ಬಲ್ಲ ಕಾಲೇಜೊಂದು ಹೊಸ ಆವೃತ್ತಿಯ ದರ ಕೇಳಿದಾಗ, ಪ್ರಯೋಗಾಲಯದ ಇಡೀ ವರ್ಷದ ಅನುದಾನವನ್ನು ಮೀರಿದ ಮೊತ್ತದೊಡನೆ, ಹೊಸ ಯಂತ್ರವನ್ನೇ ಕೊಳ್ಳುವುದು ಲೇಸೆಂಬ ಸಲಹೆಯೂ ಬಂತು. ಅಲ್ಲಿನ ನಳಿಕೆಯೂ ಜ್ವಾಲೆಯೂ ಸುಸ್ಥಿತಿಯಲ್ಲೇ ಇದ್ದವು.

ಅಗ್ಗದ ದಾರಿಗಳು ಇಲ್ಲದಿಲ್ಲ. ಎಂಬತ್ತು, ತೊಂಬತ್ತರ ದಶಕದ ಬಹುಪಾಲು ಉಪಕರಣಗಳ ಹಿಂಬದಿಯಲ್ಲಿ ವೋಲ್ಟೇಜನ್ನು ಹೊರಗೆ ಪಡೆಯುವ ತಂತಿಯ ಜೋಡಣೆಯಿದೆ. ಆ ವೋಲ್ಟೇಜನ್ನು ಅಂಕಿಗಳಾಗಿ ಪರಿವರ್ತಿಸುವ ಪೆಟ್ಟಿಗೆಯನ್ನು ಬೇರೆ ತಯಾರಕರಿಂದಲೂ ಕೊಳ್ಳಬಹುದು. ಸೆಕೆಂಡಿಗೆ ಹತ್ತಿಪ್ಪತ್ತು ಬಾರಿ ಅಳೆದರೆ ಸಾಮಾನ್ಯ ಬಳಕೆಗೆ ಸಾಕು. ದಾಖಲಾದ ಕಡತವನ್ನು ವಿಶ್ಲೇಷಿಸಲು ಓಪನ್‌ಕ್ರೋಮ್‌ನಂತಹ ಮುಕ್ತ ತಂತ್ರಾಂಶವಿದೆ. ಆದರೆ ಎಲ್ಲರಿಗೂ ಇದು ಒಗ್ಗದು. ಔಷಧ ಕಾರ್ಖಾನೆಗಳು ಯಾರು, ಯಾವಾಗ, ಏನನ್ನು ತಿದ್ದಿದರೆಂಬ ದಾಖಲೆ ಇಡುವ ತಂತ್ರಾಂಶವನ್ನೇ ಬಳಸಬೇಕು. ಮಾನ್ಯತೆ ಪಡೆದ ಪ್ರಯೋಗಾಲಯಗಳು ಬಳಕೆಗೆ ಮುನ್ನ ತಂತ್ರಾಂಶವನ್ನು ಪರೀಕ್ಷಿಸಿ ದೃಢಪಡಿಸಬೇಕು. ಪ್ರಮಾಣ ಮೊದಲೇ ಗೊತ್ತಿರುವ ಮಾದರಿಗಳನ್ನು ಹಾಯಿಸಿ ಫಲಿತಾಂಶವನ್ನು ತಾಳೆ ನೋಡುವುದು ಇದರ ಮುಖ್ಯ ಭಾಗ. ಬೋಧನೆ, ಸಂಶೋಧನೆಗಳಿಗಂತೂ ಇಷ್ಟು ಧಾರಾಳವಾಗಿ ಸಾಕು.

ತಂತ್ರಾಂಶ ಬರೆಯುವವರಿಗೂ ಸಂಬಳ ಕೊಡಬೇಕು, ಹಳೆಯದನ್ನೆಲ್ಲ ಶಾಶ್ವತವಾಗಿ ಪೋಷಿಸಲಾಗದು ಎನ್ನುವ ಕಂಪನಿಗಳ ಮಾತಿನಲ್ಲಿ ಹುರುಳಿದೆ. ಆದರೆ ತಾನು ಪೋಷಿಸಲಾರದ ಯಂತ್ರದ ಬೀಗದ ಕೈಯನ್ನು ತನ್ನಲ್ಲೇ ಇಟ್ಟುಕೊಳ್ಳುವುದಕ್ಕೆ ಅದು ಸಮರ್ಥನೆಯಾಗದು. ಬೆಂಬಲ ನಿಲ್ಲಿಸುವ ದಿನ, ಯಂತ್ರವು ಕಂಪ್ಯೂಟರಿನೊಡನೆ ಸಂವಹಿಸುವ ವಿಧಾನವನ್ನು ಬಹಿರಂಗಪಡಿಸುವುದು ಕನಿಷ್ಠ ನ್ಯಾಯ.

ಇಲ್ಲಿ ಸರ್ಕಾರದ ಹೊಣೆಯೂ ಇದೆ. ವಿದ್ವತ್ ಪತ್ರಿಕೆಗಳನ್ನು ಎಲ್ಲ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸಲು ಕೇಂದ್ರವು 2024ರ ನವೆಂಬರಿನಲ್ಲಿ ಮೂರು ವರ್ಷಗಳಿಗೆಂದು 6,000 ಕೋಟಿ ರೂಪಾಯಿ ಮಂಜೂರು ಮಾಡಿತು. ಸ್ವಾಗತಾರ್ಹ. ಆದರೆ ಅನ್ಯರ ಫಲಿತಾಂಶಗಳನ್ನು ಓದಿದ ವಿದ್ಯಾರ್ಥಿ ತನ್ನದೇ ಫಲಿತಾಂಶವನ್ನು ದಾಖಲಿಸಲಾಗದೆ ಕುಳಿತರೆ ಆ ಓದು ಅರ್ಧಕ್ಕೇ ನಿಲ್ಲುತ್ತದೆ. ದುರಸ್ತಿಯ ಹಕ್ಕಿಗಾಗಿ 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಗುರುತಿಸಿದ ಕ್ಷೇತ್ರಗಳು ಕೃಷಿ ಸಲಕರಣೆ, ಮೊಬೈಲು, ಗೃಹೋಪಯೋಗಿ ವಸ್ತು ಮತ್ತು ವಾಹನಗಳು. ಪ್ರಯೋಗಾಲಯದ ಉಪಕರಣವನ್ನೂ ಆ ಸಾಲಿಗೆ ಸೇರಿಸಬೇಕು.

ಟೆಂಡರು ಕರೆಯುವಾಗಲೇ ಎರಡು ಷರತ್ತು ವಿಧಿಸಿದರೆ ಅರ್ಧ ಸಮಸ್ಯೆ ನೀಗುತ್ತದೆ: ಉಪಕರಣ ಬಾಳುವಷ್ಟು ಕಾಲ ತಂತ್ರಾಂಶದ ಪರವಾನಗಿಯೂ ಬಾಳಬೇಕು, ದತ್ತಾಂಶವು ಯಾರಾದರೂ ಓದಬಲ್ಲ ಮುಕ್ತ ರೂಪದಲ್ಲಿ ಸಿಗಬೇಕು. ಅಂಥ ರೂಪಕ್ಕೆ ಎಎಸ್‌ಟಿಎಂ ಸಂಸ್ಥೆ 1998ರಲ್ಲೇ ಮಾನದಂಡವನ್ನು ನಿಗದಿಪಡಿಸಿದೆ. ಸಾರ್ವಜನಿಕ ಹಣದಲ್ಲಿ ಕೊಂಡ ಯಂತ್ರ ಏನನ್ನು ಅಳೆಯಿತೋ ಅದನ್ನು ಓದುವ ಹಕ್ಕು ಸಾರ್ವಜನಿಕರದೇ. ಅದಕ್ಕಾಗಿ ಮತ್ತೆ ಮತ್ತೆ ಬೆಲೆ ತೆರಬೇಕಾಗಿ ಬರಬಾರದು.